ಛತ್ರಿ ಮೇಷ್ಟ್ರ ಪರಭಾಷೆ

ಆ ಊರಿನಲ್ಲಿ ಛತ್ರಿ ಮೇಷ್ಟ್ರನ್ನು ಅರಿಯದವರು ಇರಲಿಲ್ಲ. ಆದರೆ ಆ ಹೆಸರು ಹೊಗಳಿಕೆಯೋ ತೆಗಳಿಕೆಯೋ ಎಂಬುದನ್ನು ಎದೆ ತಟ್ಟಿ ಹೇಳಬಲ್ಲವರೂ ಇರಲಿಲ್ಲ. ಛತ್ರಿ ಎಂದರೆ ಕೊಡೆ. ಅದು ನಿಘಂಟಿನ ಅರ್ಥ. ಛತ್ರಿ ಎಂದರೆ ಕಣ್ಣೆದುರಿಗೇ ಊರಿಗೆಲ್ಲ ಟೋಪಿ ಹಾಕುವ ಕಿಲಾಡಿ. ಅದು ಬೀದಿಯ ಅರ್ಥ. ಮೇಷ್ಟ್ರಿಗೆ ಹೆಸರು ಬಂದದ್ದು ನಿಘಂಟಿನಿಂದ. ಅದು ಬೆಳೆದದ್ದು ಬೀದಿಯಲ್ಲಿ.

ಊರಿನ ಪ್ರೌಢಶಾಲೆಯಲ್ಲಿ ಅವರು ಕಲಿಸುತ್ತಿದ್ದುದು ಒಂದು ಪರದೇಶದ ಭಾಷೆ. ಪಠ್ಯಪುಸ್ತಕದ ಮೊದಲನೆಯ ಪಾಠದ ಮೊದಲನೆಯ ವಾಕ್ಯ, “ನನ್ನ ಚಿಕ್ಕಮ್ಮನ ಛತ್ರಿ ಕಪ್ಪಗಿದೆ.” ಶಾಲೆ ಬಿಟ್ಟು ಎಷ್ಟು ವರ್ಷಗಳಾದರೇನು, ಊರಿನವರಿಗೆ ಬೀಜಗಣಿತ ಮರೆತಿತ್ತು, ರಾಜರ ಹೆಸರುಗಳು ಮರೆತಿದ್ದವು, ಕೆಲವರಿಗೆ ತಮ್ಮ ಮದುವೆಯ ದಿನವೂ ಮರೆತಿತ್ತು, ಆ ವಾಕ್ಯ ಮಾತ್ರ ನಾಲಿಗೆಯ ತುದಿಯಲ್ಲೇ ಇತ್ತು. ಮೇಷ್ಟ್ರು ಬೀದಿಗಿಳಿದರೆ ಸಾಕು, ಬೇಕರಿಯವನು ಒಲೆಯ ಮುಂದಿನಿಂದ, ಟಪಾಲಿನವನು ಸೈಕಲ್ಲಿನ ಮೇಲಿನಿಂದ, ಚಿಕ್ಕಮ್ಮನ ಛತ್ರಿಯ ಬಣ್ಣವನ್ನು ಆ ಭಾಷೆಯಲ್ಲಿ ಕೂಗಿ ಸಾರುತ್ತಿದ್ದರು. ಮೇಷ್ಟ್ರು ಸುಮ್ಮನೆ ಮುಂದೆ ಹೋಗುವವರಲ್ಲ. ನಿಂತು, “ಕೊನೇ ಅಕ್ಷರ ನುಂಗಬೇಡ, ಇನ್ನೊಂದ್ಸಲ ಹೇಳು” ಎಂದು ತಿದ್ದಿಯೇ ಹೆಜ್ಜೆ ಕೀಳುತ್ತಿದ್ದರು.

ಬೀದಿಯ ಅರ್ಥವನ್ನು ಹಬ್ಬಿಸಿದವನು ಕ್ಷೌರದಂಗಡಿಯವನು. ಅವನೂ ಮೇಷ್ಟ್ರ ಶಿಷ್ಯನೇ. ಒಂದು ದಿನ ಮೇಷ್ಟ್ರ ಗಲ್ಲಕ್ಕೆ ನೊರೆ ಬಳಿದು, ಅವರು ಬಾಯಿ ತೆರೆಯಲಾಗದ ಹೊತ್ತು ನೋಡಿ ಶುರು ಮಾಡಿದ.

“ಅಲ್ಲ ಮೇಷ್ಟ್ರೇ, ಆ ದೇಶದೋರು ಒಬ್ಬರಾದ್ರೂ ಈ ಊರಿಗೆ ಬಂದಿದ್ದಾರಾ? ಇಲ್ಲ. ನಮ್ಮೋರು ಯಾರಾದ್ರೂ ಅಲ್ಲಿಗೆ ಹೋಗಿದ್ದಾರಾ? ಇಲ್ಲ. ಮತ್ತೆ ನೀವು ಕಲ್ಸಿದ್ದು ಅದೇ ಭಾಷೆ ಅಂತ ಏನು ಗ್ಯಾರಂಟಿ? ನೀವು ಕಾಗೆ ಥರ ಕೂಗಿ, ಇದೇ ಕಣ್ರೋ ಪರಭಾಷೆ ಅಂದಿದ್ರೆ ನಾವು ಅದನ್ನೂ ಬಾಯಿಪಾಠ ಮಾಡ್ತಿದ್ವಿ!”

ಸರದಿಗಾಗಿ ಕಾದು ಕುಳಿತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಷ್ಟ್ರೂ ನೊರೆಯೊಳಗಿನಿಂದ ನಕ್ಕರು. ಆದರೆ ಮನೆಗೆ ಹೋಗುವಾಗ ಆ ಮಾತು ಚಪ್ಪಲಿಯೊಳಗೆ ಸೇರಿದ ಹರಳಿನಂತೆ ಚುಚ್ಚತೊಡಗಿತು. ಏಕೆಂದರೆ ಕ್ಷೌರದಂಗಡಿಯವನು ಕೇಳಿದ ಪ್ರಶ್ನೆಯನ್ನು ಅವರು ತಮ್ಮನ್ನು ತಾವು ಎಷ್ಟೋ ಸಲ ಕೇಳಿಕೊಂಡಿದ್ದರು. ಆ ಭಾಷೆಯನ್ನು ಹುಟ್ಟಿನಿಂದ ಆಡುವ ಒಂದು ನರಪಿಳ್ಳೆಯೊಡನೆಯೂ ಅವರು ಈವರೆಗೆ ಮಾತಾಡಿರಲಿಲ್ಲ.

ಅವರು ಆ ಭಾಷೆಯ ಮೇಷ್ಟ್ರಾದದ್ದೇ ಒಂದು ಕಿಟಕಿಯ ದೆಸೆಯಿಂದ. ಆಗ ಅವರು ಶಾಲೆಗೆ ಹೊಸದಾಗಿ ಸೇರಿದ್ದ ಚಿತ್ರಕಲೆಯ ಮೇಷ್ಟ್ರು. ಅಂದಿನ ಹೆಡ್ ಮೇಷ್ಟ್ರಿಗೆ ಕಿವಿ ಸ್ವಲ್ಪ ಮಂದ. ಅವರು ಬೇಸಗೆಯ ಮಧ್ಯಾಹ್ನ ಎಲ್ಲ ಮೇಷ್ಟ್ರುಗಳನ್ನೂ ಒಂದು ಚಿಕ್ಕ ಕೋಣೆಯಲ್ಲಿ ತುಂಬಿಕೊಂಡು, ಬರುವ ವರ್ಷದಿಂದ ಒಂದು ಪರದೇಶದ ಭಾಷೆ ಕಲಿಸಬೇಕೆಂದು ಮೇಲಿನಿಂದ ಅಪ್ಪಣೆಯಾಗಿದೆ, ಯಾರಿಗೆ ಬರುತ್ತದೆಯೋ ಕೈಯೆತ್ತಿ ಎಂದರು. ಬೆವರಿ ನೀರಾಗಿದ್ದ ನಮ್ಮ ಮೇಷ್ಟ್ರು, ಕಿಟಕಿ ತೆಗೆಯಬಹುದೇ ಎಂದು ಕೇಳಲು ಸರಿಯಾಗಿ ಆಗಲೇ ಕೈಯೆತ್ತಿದರು.

“ಭೇಷ್!” ಎಂದರು ಹೆಡ್ ಮೇಷ್ಟ್ರು.

“ಅಲ್ಲ ಸಾರ್, ನಾನು ಕಿಟಕಿ...”

“ಹೌದಪ್ಪಾ, ಭಾಷೆ ಅಂದ್ರೆ ಕಿಟಕಿನೇ! ಎಷ್ಟು ಚೆನ್ನಾಗಿ ಹೇಳ್ದೆ. ಎಲ್ಲರೂ ಚಪ್ಪಾಳೆ ತಟ್ಟಿ.”

ಚಪ್ಪಾಳೆ ಬಿದ್ದ ಮೇಲೆ ಇಲ್ಲವೆನ್ನುವುದು ಹೇಗೆ? ಆ ಕಾಲದ ತರುಣರಿಗೆ ಅಷ್ಟು ಧೈರ್ಯವಿರಲಿಲ್ಲ. ಶಾಲೆಯ ಕಪಾಟಿನಲ್ಲಿ ಯಾರದೋ ಅಜ್ಜನ ಕಾಲದಲ್ಲಿ ಅಚ್ಚಾದ ಒಂದು ಪಠ್ಯಪುಸ್ತಕ ಸಿಕ್ಕಿತು. ಮೇಷ್ಟ್ರು ಮಕ್ಕಳಿಗಿಂತ ಒಂದು ಪಾಠ ಮುಂದೆ ಓದಿಕೊಂಡು, ಓದಿದ್ದನ್ನು ಮಾರನೆಯ ದಿನ ಕಲಿಸುತ್ತ ಹೋದರು. ಒಮ್ಮೊಮ್ಮೆ ಜ್ವರ ಬಂದು ಓದಲಾಗದಿದ್ದಾಗ ಮಕ್ಕಳೇ ಅವರನ್ನು ಹಿಂದೆ ಹಾಕುತ್ತಿದ್ದುದೂ ಉಂಟು. ಆಮೇಲೆ ಭಾಷೆಯ ಹುಚ್ಚು ಹಿಡಿಯಿತು. ಬಿಡಲಿಲ್ಲ. ಉಚ್ಚಾರಣೆ ಕಲಿಯಲು ಒಂದು ರೇಡಿಯೋ ಕೊಂಡರು. ಅದನ್ನು ಅಟ್ಟದ ಮೇಲೆ, ಬಾಲ್ದಿಯ ಪಕ್ಕದಲ್ಲಿ, ಒಂದು ಓರೆಯಲ್ಲಿ ಇಟ್ಟರೆ ಮಾತ್ರ ಆ ದೇಶದ ದನಿ ಕೇಳುತ್ತಿತ್ತು. ಅದೂ ಎಲ್ಲ ಕಾರ್ಯಕ್ರಮಗಳಲ್ಲ. ಕಡಲಿಗೆ ಹೋಗುವವರಿಗಾಗಿ ಓದುತ್ತಿದ್ದ ಹವಾಮಾನ ವರದಿ ಒಂದೇ. ಮೇಷ್ಟ್ರು ಕಿವಿಯನ್ನು ರೇಡಿಯೋಗೆ ಒತ್ತಿ, ಆ ದನಿಯ ಏರಿಳಿತವನ್ನೆಲ್ಲ ಮೈಗೂಡಿಸಿಕೊಂಡರು, ಮಕ್ಕಳಿಗೂ ಮೈಗೂಡಿಸಿದರು.

ಇದೆಲ್ಲ ಮೊಬೈಲು ಬರುವುದಕ್ಕೆ ಮುಂಚಿನ ಮಾತು. ಸರಿಯೋ ತಪ್ಪೋ ಎಂದು ಕೇಳೋಣವೆಂದರೆ ಕೇಳಲು ಯಾರೂ ಇರಲಿಲ್ಲ.

ಮನೆಯ ಮುಂಗೋಣೆಯಲ್ಲಿ ಮೇಷ್ಟ್ರ ಹೆಂಡತಿಯದು ಹೊಲಿಗೆ ಅಂಗಡಿ. ಗಂಡ ಪರಭಾಷೆಯಲ್ಲಿ ಗೊಣಗುತ್ತ ಒಳಗೆ ಬಂದರೆ ಆಕೆ ಯಂತ್ರ ತುಳಿಯುವುದನ್ನು ನಿಲ್ಲಿಸದೆ ಹೇಳುತ್ತಿದ್ದಳು: “ರೀ, ಬೈಯೋದಿದ್ರೆ ಅರ್ಥ ಆಗೋ ಹಾಗೆ ಬೈರಿ. ನನಗೂ ತಿರುಗಿಸಿ ಬೈಯೋಕೆ ಅನುಕೂಲ ಆಗುತ್ತೆ.”

ಹೀಗಿರಲು ಒಂದು ಬೆಳಿಗ್ಗೆ, ಈಗಿನ ಹೆಡ್ ಮೇಡಂ ಮೇಷ್ಟ್ರನ್ನು ತಮ್ಮ ಕೋಣೆಗೆ ಕರೆಸಿದರು. ಆಕೆ ಖಡಕ್ ಹೆಂಗಸು. ಶಾಲೆಯ ಗಂಟೆ ಕೂಡ ಆಕೆಯ ಮುಖ ನೋಡಿಕೊಂಡು ಹೊಡೆಯುತ್ತದೆಂದು ಮಕ್ಕಳು ಹೇಳುತ್ತಿದ್ದರು.

“ಕೂತ್ಕೊಳ್ಳಿ ಮೇಷ್ಟ್ರೇ. ಕೂತೇ ಕೇಳಿ, ನಿಂತಿದ್ರೆ ಬಿದ್ದೀರಿ. ನಿಮ್ಮ ಭಾಷೆಯೋರು ಬರ್ತಿದ್ದಾರೆ.”

“ಯಾವ ಭಾಷೆಯೋರು?”

“ಅದೇ, ಛತ್ರಿ ಭಾಷೆ. ಅಲ್ಲಿಯ ಒಬ್ಬರು ಟೀಚರ್. ಅವರ ದೇಶದ ಶಾಲೇಲಿ ಅವರು ನಮ್ಮ ಭಾಷೆ ಕಲಿಸ್ತಾರಂತೆ, ಗೊತ್ತಾ? ದೇಶ ದೇಶ ಸುತ್ತಿ, ಎಲ್ಲೆಲ್ಲಿ ಪರಭಾಷೆ ಹೇಗೆ ಕಲಿಸ್ತಾರೆ ಅಂತ ನೋಡ್ತಿದ್ದಾರೆ. ನಮ್ಮಲ್ಲಿಗೆ ಎರಡು ದಿನ.” ಹೆಡ್ ಮೇಡಂ ಪೆನ್ನಿನ ಮುಚ್ಚಳ ಹಾಕಿದರು. “ಒಂದು ಮಾತು ಮೊದಲೇ ಹೇಳ್ಬಿಡ್ತೀನಿ. ಡ್ರಿಲ್ ಮೇಷ್ಟ್ರು ನಿಮ್ಮ ಪೀರಿಯಡ್ಡು ಕೊಡಿ ಅಂತ ನನ್ನ ಪ್ರಾಣ ತಿಂತಿದ್ದಾರೆ. ಮಕ್ಕಳಾಡೋದು ಆ ಭಾಷೆ ಅಂತ ಬಂದೋರಿಗೆ ಅನ್ನಿಸಿದ್ರೆ ಪೀರಿಯಡ್ಡು ನಿಮ್ಮದು. ಇಲ್ಲಾಂದ್ರೆ ಬರೋ ವರ್ಷದಿಂದ ನೀವು ಮತ್ತೆ ಚಿತ್ರ ಬರೀರಿ, ಮಕ್ಕಳು ಮೈದಾನದಲ್ಲಿ ಓಡಲಿ.”

ಮೇಷ್ಟ್ರ ಎದೆ ಒಂದೇ ಸಲಕ್ಕೆ ಹಿಗ್ಗಿತು, ಕುಗ್ಗಿತು. ಪೀರಿಯಡ್ಡು ಹೋದರೆ ಹೋಗಲಿ; ಬಂದವರಿಗೆ ಒಂದು ಮಾತೂ ಅರ್ಥವಾಗದಿದ್ದರೆ? ಇಷ್ಟು ವರ್ಷ ಇಡೀ ಊರಿಗೆ ಕಲಿಸಿದ್ದು ಯಾವ ಭಾಷೆಯೂ ಅಲ್ಲ ಎಂದಾದರೆ? ಆಗ ತಾವು ನಿಜವಾಗಿಯೂ ಬೀದಿಯ ಅರ್ಥದ ಛತ್ರಿಯೇ.

ಅಂದಿನಿಂದ ಅವರಿಗೆ ನಿಂತಲ್ಲಿ ನೆಲೆಯಿಲ್ಲ. ಹೊಲಿಗೆ ಅಂಗಡಿಯಲ್ಲಿ ಬಟ್ಟೆ ತೊಡಿಸಿ ನಿಲ್ಲಿಸುವ ಒಂದು ಬೊಂಬೆಯಿತ್ತು. ತಲೆಯಿಲ್ಲ, ಸೊಂಟದವರೆಗೆ ಮಾತ್ರ. ಮೇಷ್ಟ್ರು ಅದರ ಮುಂದೆ ನಿಂತು ಸ್ವಾಗತ ಭಾಷಣ ಅಭ್ಯಾಸ ಮಾಡತೊಡಗಿದರು. ಒಂದು ಸಂಜೆ ಅವರು ಬೊಂಬೆಗೆ ಬಾಗಿ, ಅದರ ಪ್ರಯಾಣ ಸುಖಕರವಾಗಿತ್ತೇ ಎಂದು ವಿಚಾರಿಸುತ್ತಿದ್ದಾಗ ಗಿರಾಕಿಯೊಬ್ಬಳು ಬಾಗಿಲಲ್ಲೇ ನಿಂತುಬಿಟ್ಟಳು.

“ಬಾರಮ್ಮಾ ಒಳಗೆ,” ಎಂದಳು ಮೇಷ್ಟ್ರ ಹೆಂಡತಿ ತಣ್ಣಗೆ. “ಅದು ಉತ್ತರ ಕೊಡೋವರೆಗೆ ಏನೂ ಭಯ ಇಲ್ಲ.”

ಕೊನೆಗೂ ಆ ದಿನ ಬಂತು. ಗೇಟಿನ ಬಳಿ ಹೆಡ್ ಮೇಡಂ, ಅವರ ಹಿಂದೆ ಮೇಷ್ಟ್ರು, ಅವರ ಹಿಂದೆ ತಲೆ ಬಾಚಿಸಿಕೊಂಡ ಮಕ್ಕಳು. ಬಂದವರು ಎತ್ತರದ, ಕೆಂಪು ಮೂಗಿನ, ನಗುಮುಖದ ಮಧ್ಯವಯಸ್ಸಿನ ಹೆಂಗಸು. ಉದ್ದನೆಯ ಕೋಟು ತೊಟ್ಟಿದ್ದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಭಾಷಣದ ಮೊದಲ ಅಕ್ಷರಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಅತಿಥಿ ಟೀಚರು ಹೆಡ್ ಮೇಡಂ ಕಡೆ ತಿರುಗಿ, ಊರಿನವರ ಭಾಷೆಯಲ್ಲೇ, ಒಂದೊಂದು ಪದವನ್ನೂ ತೊಳೆದು ಒರೆಸಿ ಇಟ್ಟಂತೆ ಹೇಳಿದರು:

“ನಾನು ಬಹು ದೂರದಿಂದ ಬಂದಿರುವೆನು. ನೀನು ಈ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿರುವೆಯೋ?”

ಹೆಡ್ ಮೇಡಂ ಅವರನ್ನು ‘ನೀನು’ ಎಂದವರು ಲೋಕದಲ್ಲಿ ಇಬ್ಬರೇ. ಒಬ್ಬರು ಅವರ ತಾಯಿ, ಇನ್ನೊಬ್ಬರು ಅವರ ಸೋದರತ್ತೆ. ಗಂಡನಿಗೂ ಆ ಅಧಿಕಾರವಿರಲಿಲ್ಲ.

“ಆಗಿರುವೆ... ಹೌದು, ನಾನೇ,” ಎಂದರು ಹೆಡ್ ಮೇಡಂ, ಮುಖ ಬೀಟ್‌ರೂಟಿನಂತೆ ಮಾಡಿಕೊಂಡು.

ಅತಿಥಿ ಟೀಚರು ಮಕ್ಕಳ ಕಡೆ ತಿರುಗಿ, “ನೀವು ಕ್ಷೇಮವಾಗಿರುವಿರಾ?” ಎಂದರು. ಹೆಡ್ ಮೇಡಂಗೆ ನೀನು, ಮಕ್ಕಳಿಗೆ ನೀವು! ಮಕ್ಕಳಿಗೆ ಸ್ವರ್ಗ ಮೂರೇ ಗೇಣು. ಆಕೆ ಬಾಯಿ ತೆರೆದಾಗಲೆಲ್ಲ ವ್ಯಾಕರಣದ ಪುಸ್ತಕವೇ ಎದ್ದು ನಡೆದಾಡಿದಂತಿತ್ತಾಗಿ, ಬೆಳಗಿನ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಆಕೆಗೆ ‘ವಿಭಕ್ತಿ ಮಿಸ್’ ಎಂದು ನಾಮಕರಣವಾಗಿಹೋಗಿತ್ತು.

ಹೆಡ್ ಮೇಡಂ ಕೋಪ ನುಂಗಿಕೊಂಡು ಉಪಚಾರಕ್ಕೆ ನಿಂತರು. “ಚಹಾ ಆರುತ್ತೆ, ಕುಡಿದುಬಿಡಿ” ಎಂದರು. ವಿಭಕ್ತಿ ಮಿಸ್ ಲೋಟವನ್ನು ತುಟಿಯ ಹತ್ತಿರ ತಂದು, ಕೆಳಗಿಟ್ಟು, ಮತ್ತೆ ಎತ್ತಿ, ಕಂಗಾಲಾಗಿ ಕೇಳಿದರು: “ಕುಡಿಯಲೋ? ಬಿಡಲೋ?” ಮಧ್ಯಾಹ್ನ ಊಟದ ಹೊತ್ತಿಗೆ ಹೆಡ್ ಮೇಡಂ “ಸರಿ, ಬರ್ತೀನಿ” ಎಂದು ಹೇಳಿ ಮನೆಗೆ ಹೊರಟರು. ವಿಭಕ್ತಿ ಮಿಸ್ ಬಾಗಿಲ ಬಳಿ ನಿಂತು ಕಾದೇ ಕಾದರು. ಮೇಷ್ಟ್ರು ಬಂದು ನೋಡಿದಾಗಲೂ ಅಲ್ಲೇ ನಿಂತಿದ್ದರು.

“ಅವಳು ‘ಬರುತ್ತೇನೆ’ ಎಂದು ಹೇಳಿ ಹೋದಳು,” ಎಂದರು, ಕಣ್ಣರಳಿಸಿ. “ಬರುವವಳು ಏಕೆ ಹೋದಳು?”

ಮೇಷ್ಟ್ರಿಗೆ ಇದೇ ತಕ್ಕ ಸಮಯವೆನಿಸಿತು. ಆಕೆಯ ಭಾಷೆಯಲ್ಲೇ ವಿವರಿಸಿಬಿಡೋಣವೆಂದು ಬಾಯಿ ತೆರೆದರು. ಆದರೆ ನಾಲಿಗೆ ಅಂಟಿಕೊಂಡಿತು. ಅರ್ಥವಾಗದಿದ್ದರೆ? “ಬರ್ತಾರೆ, ಬರ್ತಾರೆ” ಎಂದು ಊರಿನ ಭಾಷೆಯಲ್ಲೇ ತೊದಲಿ ಜಾರಿಕೊಂಡರು.

ಊಟವಾದ ಮೇಲೆ ಮೇಷ್ಟ್ರ ಪೀರಿಯಡ್ಡು. ವಿಭಕ್ತಿ ಮಿಸ್ ಹಿಂದಿನ ಬೆಂಚಿನಲ್ಲಿ ಕುಳಿತು, “ನೀನು ಪಾಠವನ್ನು ಮಾಡು. ನಾನು ಕೇಳುವೆನು” ಎಂದರು. ಮೇಷ್ಟ್ರ ಕೈಯಲ್ಲಿದ್ದ ಸೀಮೆಸುಣ್ಣ ಎರಡು ತುಂಡಾಯಿತು. ತಾವು ಮಾತಾಡಿ ಸಿಕ್ಕಿಬೀಳುವುದಕ್ಕಿಂತ ಮಕ್ಕಳನ್ನು ಮುಂದೆ ಬಿಡುವುದೇ ವಾಸಿಯೆಂದುಕೊಂಡು, “ಎಲ್ಲಿ, ಅತಿಥಿಗಳನ್ನ ಏನಾದ್ರೂ ಕೇಳ್ರಪ್ಪಾ” ಎಂದರು.

ಆ ತರಗತಿಯಲ್ಲಿ ‘ಗಿಣಿ’ ಎಂಬ ಅಡ್ಡಹೆಸರಿನ ಒಬ್ಬ ಹುಡುಗಿಯಿದ್ದಳು. ನಿದ್ದೆಯಲ್ಲೂ ಅವಳ ಬಾಯಿ ಮುಚ್ಚುವುದಿಲ್ಲವೆಂದು ಅವಳ ಅಕ್ಕ ಸಾಕ್ಷಿ ಹೇಳುತ್ತಿದ್ದಳು. ಅವಳು ಚಂಗನೆ ಎದ್ದು, ಆ ಭಾಷೆಯಲ್ಲಿ, ನಿಮ್ಮ ಚಿಕ್ಕಮ್ಮನ ಛತ್ರಿ ಯಾವ ಬಣ್ಣದ್ದು ಎಂದು ಕೇಳಿದಳು. ವಿಭಕ್ತಿ ಮಿಸ್ ಹುಬ್ಬು ಮೇಲೇರಿತು. ಪಕ್ಕದ ಹುಡುಗ ಎದ್ದು, ನೀವು ಮೊಟ್ಟೆ ತಿನ್ನುತ್ತೀರಾ ಎಂದ. ಆಕೆಯ ತುಟಿ ಅದುರಿತು. ಆಮೇಲೆ ಇಡೀ ತರಗತಿ ಏರುದನಿಯಲ್ಲಿ, ನೀವು ಎಷ್ಟು ಹೊತ್ತಿಗೆ ಏಳುತ್ತೀರಿ, ಎಷ್ಟು ಹೊತ್ತಿಗೆ ಮಲಗುತ್ತೀರಿ, ನಿಮ್ಮ ಕುದುರೆ ಎಲ್ಲಿದೆ ಎಂದು ಒಟ್ಟಿಗೆ ಕೇಳಿತು. ವಿಭಕ್ತಿ ಮಿಸ್ ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು. ಭುಜಗಳು ಗಡಗಡನೆ ನಡುಗಿದವು. ತಟ್ಟನೆ ಎದ್ದರು, ಬೆಂಚಿನ ಮೊಳೆಗೆ ಕೋಟು ಸಿಕ್ಕಿ ಪರ್‍ರೆಂದು ಹರಿಯಿತು, ಅದನ್ನೂ ಲೆಕ್ಕಿಸದೆ ಹೊರಗೆ ಓಡಿದರು.

“ಅತ್ರಾ ಸಾರ್?” ಎಂದಳು ಗಿಣಿ ಪಿಸುದನಿಯಲ್ಲಿ.

ಮೇಷ್ಟ್ರು ಕುರ್ಚಿಯ ಮೇಲೆ ಕುಸಿದು ಕುಳಿತರು. ಮುಗಿಯಿತು, ಎಂದುಕೊಂಡರು.

ಅವರು ಮನೆ ಸೇರುವಷ್ಟರಲ್ಲಿ ಕ್ಷೌರದಂಗಡಿಯವನು ಏದುಸಿರು ಬಿಡುತ್ತ, ಕೈಯಲ್ಲಿ ಬಾಚಣಿಗೆ ಹಿಡಿದೇ ಓಡಿಬಂದ.

“ಮೇಷ್ಟ್ರೇ! ಆಯಮ್ಮ ನಮ್ಮಂಗಡಿ ಮುಂದೆ ನಿಂತು, ‘ಎಲೈ ಕ್ಷೌರಿಕನೇ, ಅಂಚೆಯ ಕಚೇರಿಯು ಯಾವ ದಿಕ್ಕಿನಲ್ಲಿರುವುದು?’ ಅಂತ ಕೇಳಿದ್ರು. ಎಲೈ ಅಂತೆ! ನನ್ನ ಹೆಂಡ್ತಿ ಕೋಪ ಬಂದಾಗ್ಲೂ ಹಾಗನ್ನಲ್ಲ. ನನಗೆ ಗಾಬರಿಯಾಗಿ ಬಾಯಿಗೆ ಬಂದಿದ್ದು ಅದೊಂದೇ ನೋಡಿ, ಚಿಕ್ಕಮ್ಮನ ಛತ್ರಿ. ಹೇಳ್ಬಿಟ್ಟೆ.”

“ಆಮೇಲೆ?”

“ಲೈಟು ಕಂಬ ತಬ್ಬಿಕೊಂಡು ಬಿದ್ದು ಬಿದ್ದು ನಕ್ಕರು!”

“ಅರ್ಥವಾಗಿ ನಕ್ಕರೋ, ಅರ್ಥವಾಗದೆ ನಕ್ಕರೋ?”

ಕ್ಷೌರದಂಗಡಿಯವನು ಬಾಚಣಿಗೆಯಿಂದ ತಲೆ ಕೆರೆದುಕೊಂಡ. “ಅದನ್ನ ಕೇಳ್ಬೇಕಿತ್ತು, ನೋಡಿ. ಕೇಳೋಕೆ ನೀವು ಕಲಿಸಿದ್ದಾದ್ರೂ ಎಲ್ಲಿ?”

ಮೇಷ್ಟ್ರು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕುಳಿತರು. ಹೆಂಡತಿ ಯಂತ್ರ ನಿಲ್ಲಿಸಿದಳು. ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ಉದ್ದನೆಯ ನೆರಳು ಬಿತ್ತು. ಹರಿದ ಕೋಟು ಹೊಲಿಸಲು ಹೆಡ್ ಮೇಡಂ ವಿಭಕ್ತಿ ಮಿಸ್ಸನ್ನು ಇಲ್ಲಿಗೇ ಕಳಿಸಿದ್ದರು.

“ಎಲೌ ದರ್ಜಿಯೇ,” ಎಂದರು ಆಕೆ ಅಕ್ಕರೆಯಿಂದ, “ನೀನು ನನ್ನ ಕೋಟನ್ನು ಹೊಲಿದುಕೊಡುವೆಯಾ?”

“ಕೊಡ್ತೀನಿ ಬಾಮ್ಮಾ, ಕೂತ್ಕೋ,” ಎಂದಳು ಮೇಷ್ಟ್ರ ಹೆಂಡತಿ ಒಂದಿಷ್ಟೂ ಬೇಜಾರಿಲ್ಲದೆ. “ಬರೋ ಗಿರಾಕಿಗಳೆಲ್ಲ ಮೇಡಂ ಮೇಡಂ ಅಂತ ತಲೆ ತಿಂತಾರೆ. ನೀನೊಬ್ಬಳು ಅಕ್ಕತಂಗೀರ ಹಾಗೆ ಮಾತಾಡ್ದೆ ನೋಡು.” ಆಮೇಲೆ ಒಳಕೋಣೆಯ ಕಡೆ ತಿರುಗಿ, “ರೀ! ಆ ತಲೆಯಿಲ್ಲದ ಬೊಂಬೆ ಜೊತೆ ಅಷ್ಟು ಮಾತಾಡ್ತಿದ್ರಲ್ಲ, ಇಲ್ಲಿ ತಲೆಯಿರೋರು ಬಂದಿದ್ದಾರೆ, ಬನ್ರೀ ಈಚೆಗೆ!” ಎಂದು ಕೂಗಿದಳು.

ಮೇಷ್ಟ್ರು ಬಂದರು. ಇನ್ನು ಓಡುವುದಕ್ಕೆ ದಾರಿಯಿರಲಿಲ್ಲ. ಕಣ್ಣು ಮುಚ್ಚಿ, ನೀರಿಗೆ ಹಾರುವವನಂತೆ ಉಸಿರು ಬಿಗಿಹಿಡಿದು, ಆಕೆಯ ಭಾಷೆಯಲ್ಲಿ, ದಯಮಾಡಿ ಕುಳಿತುಕೊಳ್ಳಿ, ನನ್ನ ಮಾತು ನಿಮಗೆ ಅರ್ಥವಾಗುತ್ತಿದೆಯೇ ಎಂದು ಕೇಳಿಯೇಬಿಟ್ಟರು.

ವಿಭಕ್ತಿ ಮಿಸ್ ಮತ್ತೆ ಕರವಸ್ತ್ರ ಹುಡುಕಿದರು. ಈ ಸಲ ಅದು ಸಿಗುವ ಮೊದಲೇ ನಗು ಹೊರಗೆ ಬಂದುಬಿಟ್ಟಿತು. ಆಮೇಲೆ ತಮ್ಮ ಭಾಷೆಯಲ್ಲಿ ಹೇಳತೊಡಗಿದರು, ಮೇಷ್ಟ್ರು ಕೇಳಿದರು, ಕೇಳಿದ್ದೆಲ್ಲ ಅವರಿಗೆ ಅರ್ಥವಾಯಿತು.

ಆಕೆ ಹೇಳಿದ್ದು ಇದು. ಆ ಭಾಷೆಯಲ್ಲಿ ಎದುರಿನವರನ್ನು ಕರೆಯಲು ಮೂರು ರೂಪಗಳಿವೆ: ಹತ್ತಿರದವರಿಗೆ ಒಂದು, ಗೌರವಕ್ಕೆ ಒಂದು, ಹಿಂದಿನ ಕಾಲದ ಮಹಾರಾಜರಿಗೆ ಒಂದು. ಮೂರನೆಯದನ್ನು ಈಗ ಯಾರೂ ಆಡುವುದಿಲ್ಲ. ಮೇಷ್ಟ್ರ ಹಳೆಯ ಪುಸ್ತಕದಲ್ಲಿದ್ದುದು ಆ ಮೂರನೆಯದೊಂದೇ. ಸಾಲದ್ದಕ್ಕೆ ಮಕ್ಕಳ ದನಿ ಬಿರುಗಾಳಿಯ ಎಚ್ಚರಿಕೆ ಕೊಡುವ ರೇಡಿಯೋದವನದು!

“ಆ ಪುಟ್ಟ ಹುಡುಗಿ ಎದ್ದು ನಿಂತು, ಹಡಗು ಮುಳುಗುವ ಸುದ್ದಿ ಓದುವ ದನಿಯಲ್ಲಿ ನನ್ನನ್ನು ಕೇಳಿದಳು: ‘ಮಹಾಪ್ರಭುಗಳ ಘನ ಸನ್ನಿಧಾನದ ಚಿಕ್ಕಮ್ಮನವರ ಛತ್ರಿಯು ಯಾವ ವರ್ಣದಿಂದ ಶೋಭಿಸುತ್ತದೆ?’ ಆಮೇಲೆ ಆ ಹುಡುಗ: ‘ಘನ ಸನ್ನಿಧಾನವು ಮೊಟ್ಟೆಯನ್ನು ಆರೋಗಿಸುವುದೇ?’ ತರಗತಿಯಲ್ಲಿ ನಗಬಾರದು, ನಕ್ಕರೆ ಮಕ್ಕಳು ನೊಂದುಕೊಳ್ಳುತ್ತಾರೆ. ಓಡದೆ ಏನು ಮಾಡಲಿ?”

“ಅಂದರೆ,” ಎಂದರು ಮೇಷ್ಟ್ರು, “ಅರ್ಥವಾಯಿತು?”

“ಪ್ರತಿಯೊಂದು ಅಕ್ಷರ! ಈಗಲೂ ನೀವು ನನಗೆ ಸಿಂಹಾಸನವನ್ನು ಅಲಂಕರಿಸಿ ಎಂದಿರಿ. ಇದು ಸ್ಟೂಲು.”

“ಏನಂತೆ ರೀ?” ಎಂದಳು ಹೆಂಡತಿ ಸೂಜಿಗೆ ದಾರ ಪೋಣಿಸುತ್ತ.

“ಅರ್ಥ ಆಗ್ತಿದೆ ಕಣೇ!” ಮೇಷ್ಟ್ರು ಕುಣಿದೇಬಿಟ್ಟರು, ಕುಣಿತಕ್ಕೆ ಗುಂಡಿಯ ಡಬ್ಬಿ ಉರುಳಿ, ಗುಂಡಿಗಳೆಲ್ಲ ನೆಲದ ತುಂಬ ಚೆಲ್ಲಿದವು. “ನಂದು ಭಾಷೆನೇ ಕಣೇ! ರಾಜರ ಭಾಷೆ!”

“ಸರಿ ಮಹಾರಾಜರೇ. ಗುಂಡಿ ಆರಿಸಿ.”

ಮೇಷ್ಟ್ರು ನೆಲದ ಮೇಲೆ ಕುಳಿತು ಗುಂಡಿ ಆರಿಸಿದರು; ವಿಭಕ್ತಿ ಮಿಸ್ಸೂ ಕುಳಿತು ಆರಿಸಿದರು. ಆರಿಸುತ್ತ ಮೇಷ್ಟ್ರು, ಈಗ ಧೈರ್ಯ ಬಂದು, ಅಳುಕುತ್ತಲೇ ತಿಳಿಸಿದರು: ಈ ಊರಿನ ಭಾಷೆಯಲ್ಲಿ ‘ನೀವು’ ಎಂಬುದು ಬಹುವಚನ ಮಾತ್ರವಲ್ಲ, ಒಬ್ಬರೇ ಇದ್ದರೂ ದೊಡ್ಡವರಿಗೆ ಹಾಗೆಯೇ ಹೇಳಬೇಕು. ಆಕೆಯ ಕೈಯಲ್ಲಿದ್ದ ಗುಂಡಿಗಳು ಮತ್ತೆ ಉರುಳಿದವು.

“ಹಾಗಾದರೆ ನಿಮ್ಮ ಮುಖ್ಯೋಪಾಧ್ಯಾಯಿನಿಯನ್ನು ನಾನು ಬೆಳಗಿನಿಂದ...”

“ಹೌದು.”

“ಸ್ಟೇಷನ್ನಿನಲ್ಲಿ ಆ ಮೀಸೆಯ ಪೊಲೀಸರನ್ನು...”

“ಅವರನ್ನೂ?”

“ಎಲೈ ಎಂದು ಕರೆದೆ!” ಕೆಂಪು ಮೂಗಿನ ಕೆಂಪು ಮುಖಕ್ಕೆಲ್ಲ ಹರಡಿತು. ಆಮೇಲೆ ಇಬ್ಬರೂ ನೆಲದ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಕೋಟು ಹೊಲಿಯುತ್ತಿದ್ದವಳು ಇಬ್ಬರಿಗೂ ಬುದ್ಧಿ ಪಲ್ಲಟವಾಗಿದೆಯೆಂದೇ ತೀರ್ಮಾನಿಸಿದಳು.

ನಗು ತಗ್ಗಿದ ಮೇಲೆ ಆಕೆ ತಾವು ಕಂಡ ಶಾಲೆಗಳ ಕಥೆ ಹೇಳಿದರು. ಒಂದು ಚಳಿಯ ನಾಡಿನಲ್ಲಿ ಮಕ್ಕಳಿಗೆ ಸರಿಯಾಗಿ ನಡೆಯಲು ಬರುವ ಮುಂಚೆಯೇ ಪರಭಾಷೆಯ ಹಾಡು ಕಲಿಸುತ್ತಾರಂತೆ; ಬಾಯಾರಿದರೆ ನೀರು ಕೇಳಲು ಬಾರದು, ನೀರಿನ ಹಾಡನ್ನು ಆರು ಚರಣವೂ ಹಾಡಿ ಕಾಯುತ್ತಾರೆ. ಒಂದು ದ್ವೀಪದಲ್ಲಿ ಪ್ರತಿ ಮಗುವಿನ ಕಿವಿಗೂ ಒಂದು ಯಂತ್ರ. ಎಲ್ಲರಿಗೂ ಎಲ್ಲವೂ ಅರ್ಥವಾಗುತ್ತದೆ, ಒಬ್ಬರೂ ತುಟಿ ಬಿಚ್ಚುವುದಿಲ್ಲ, ತಪ್ಪಾದರೆ ನಾಚಿಕೆ. ಇನ್ನೊಂದು ದೇಶದ ಮಕ್ಕಳು ಪಾಠ ಕೇಳುವುದೇ ಇಲ್ಲ, ಸಿನಿಮಾ ನೋಡಿಯೇ ಅರಳು ಹುರಿದಂತೆ ಮಾತಾಡುತ್ತಾರೆ, ಆದರೆ ಅತಿಥಿ ಬಾಗಿಲಿಗೆ ಬಂದರೆ, “ಕೈ ಮೇಲೆತ್ತು! ಪೆಟ್ಟಿಗೆ ಎಲ್ಲಿ?” ಎಂದು ಸ್ವಾಗತಿಸುತ್ತಾರೆ.

“ನಿಮ್ಮ ಶಾಲೆಯಲ್ಲಿ?” ಎಂದರು ಮೇಷ್ಟ್ರು.

“ನನ್ನ ಮಕ್ಕಳು ನಿಮ್ಮ ಭಾಷೆಯಲ್ಲಿ ಮರವು, ಮರವನ್ನು, ಮರದಿಂದ, ಮರಕ್ಕೆ ಎಂದು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಾರೆ. ಮರದ ವಿಷಯ ಮಾತ್ರ ಇದುವರೆಗೆ ಯಾರೂ ಮಾತಾಡಿಲ್ಲ.”

ಮರುದಿನ ವಿಭಕ್ತಿ ಮಿಸ್ ಕಲಿತದ್ದನ್ನು ಕೂಡಲೇ ಪ್ರಯೋಗಕ್ಕಿಟ್ಟರು, ಮತ್ತು ಒಂದು ಮೆಟ್ಟಿಲು ಹೆಚ್ಚೇ ಏರಿದರು. ಸ್ಟಾಫ್ ರೂಮಿನ ಕುರ್ಚಿಯ ಮೇಲೆ ಮಲಗಿದ್ದ ಬೆಕ್ಕಿಗೆ, “ತಾವು ದಯಮಾಡಿ ಕೆಳಗಿಳಿಯಬೇಕು” ಎಂದರು. ಬೆಕ್ಕು ಇಳಿಯಲಿಲ್ಲ. ಹೆಡ್ ಮೇಡಂ ಮುಂದೆ ನಿಂತು, “ತಾವು ನನ್ನನ್ನು ಕ್ಷಮಿಸಬೇಕು, ನಿನ್ನೆ ನಾನು ತಮ್ಮನ್ನು ನೀನು ಎಂದೆನು” ಎಂದಾಗ ಹೆಡ್ ಮೇಡಂ ಬೆಣ್ಣೆಯಂತೆ ಕರಗಿದರು. ಆದರೂ ಕೆಲಸ ಕೆಲಸವೇ. ಮೇಷ್ಟ್ರನ್ನೂ ಡ್ರಿಲ್ ಮೇಷ್ಟ್ರನ್ನೂ ಎದುರಿಗೆ ಕೂರಿಸಿಕೊಂಡು ನೇರವಾಗಿ ಕೇಳಿದರು.

“ಈಗ ಹೇಳಿ. ನಮ್ಮ ಮಕ್ಕಳು ನಿಮ್ಮ ಭಾಷೆಯನ್ನ ಚೆನ್ನಾಗಿ ಕಲಿತಿದ್ದಾರಾ?”

“ಇಲ್ಲ,” ಎಂದರು ವಿಭಕ್ತಿ ಮಿಸ್.

ಡ್ರಿಲ್ ಮೇಷ್ಟ್ರ ಕೈ ತಾನಾಗಿ ಪೀಪಿಯ ಕಡೆ ಹೋಯಿತು. ಮೇಷ್ಟ್ರು ನೆಲ ನೋಡಿದರು.

“ಚೆನ್ನಾಗಿ ಕಲಿತಿಲ್ಲ. ಆದರೆ ಕಲಿತಿರುವುದು ನನ್ನ ಭಾಷೆಯೇ, ಸಂಶಯವಿಲ್ಲ. ತಮ್ಮ ಭಾಷೆಯನ್ನು ನನ್ನ ದೇಶದ ಮಕ್ಕಳೂ ಚೆನ್ನಾಗಿ ಕಲಿತಿಲ್ಲ, ಏಕೆಂದರೆ ಕಲಿಸುವವಳು ನಾನು. ನಾನು ಕಂಡ ಶಾಲೆಗಳಲ್ಲಿ ಅತಿಥಿಯು ಬಂದರೆ ಮಕ್ಕಳು ತಮ್ಮ ಕಾಲನ್ನು ನೋಡುವರು. ಇಲ್ಲಿ ನನ್ನ ಕುದುರೆಯನ್ನು ಕೇಳಿದರು. ನಿನ್ನೆಯಿಂದ ಇಪ್ಪತ್ತು ಮಕ್ಕಳು ನನ್ನ ಬೆನ್ನ ಹಿಂದೆಯೇ ಮಾತಾಡುತ್ತ ಬರುತ್ತಿರುವರು. ಈಗಲೂ ತಮ್ಮ ಕಿಟಕಿಯ ಕೆಳಗೆ ಇರುವರು.”

ಕಿಟಕಿಯ ಕೆಳಗೆ ದಡಬಡ ಓಡುವ ಸದ್ದಾಯಿತು.

ಹೆಡ್ ಮೇಡಂ ಗಲ್ಲಕ್ಕೆ ಪೆನ್ನು ಒತ್ತಿಕೊಂಡು ಲೆಕ್ಕ ಹಾಕಿದರು. “ಅಂದ್ರೆ, ಯಾವ ದೇಶದೋರೂ ಮುಂದಿಲ್ಲ, ನಾವೇನೂ ಹಿಂದಿಲ್ಲ. ಆದ್ರೆ ನಮ್ಮೋರು ಬಾಯಿ ಬಿಡ್ತಾರೆ. ಸರಿ ಮೇಷ್ಟ್ರೇ, ಪೀರಿಯಡ್ಡು ನಿಮ್ಮದೇ. ಆದ್ರೆ ಆ ರಾಜರನ್ನ ಸಿಂಹಾಸನದಿಂದ ಇಳಿಸಿ, ಮನುಷ್ಯರಾಡೋ ಹಾಗೆ ಕಲಿಸಿ.”

ಮೇಷ್ಟ್ರಿಗೆ ಎದ್ದು ನಿಲ್ಲಬೇಕೋ ಕುಳಿತಿರಬೇಕೋ ತಿಳಿಯಲಿಲ್ಲ. ಅರ್ಧ ಎದ್ದು, ಹಾಗೆಯೇ ಬಾಗಿ, ಹೆಡ್ ಮೇಡಂಗೂ ಅತಿಥಿಗೂ, ಗುರಿ ತಪ್ಪಿ ಡ್ರಿಲ್ ಮೇಷ್ಟ್ರಿಗೂ ಕೃತಜ್ಞತೆ ಹೇಳಿದರು.

ಅಂದು ಸಂಜೆಯ ರೈಲಿಗೆ ವಿಭಕ್ತಿ ಮಿಸ್ ಹೊರಟರು. ಸ್ಟೇಷನ್ನಿಗೆ ಅರ್ಧ ಊರೇ ಬಂದಿತ್ತು. ರೈಲು ಅಲುಗಿದಾಗ ಆಕೆ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಕೂಗಿದರು: “ಬರ್ತೀನಿ!” ಊರಿಗೆ ಊರೇ ಚಪ್ಪಾಳೆ ತಟ್ಟಿತು.

ಮುಂದಿನ ಸೋಮವಾರ ಮೇಷ್ಟ್ರು ತರಗತಿಗೆ ಹೋಗಿ, ಹತ್ತಿರದವರನ್ನು ಕರೆಯುವ ಆ ಪುಟ್ಟ ಪದವನ್ನು ಕಪ್ಪು ಹಲಗೆಯ ಮೇಲೆ ಬರೆದರು. ಅದನ್ನು ಅವರು ಕಲಿತು ಮೂರೇ ದಿನವಾಗಿತ್ತು. ಬರೆಯುವಾಗ ಕೈ ಹಗುರಾಗಿ ಹಾರುವಂತಿತ್ತು. “ಇವತ್ತು ಪ್ರಭುಗಳಿಗೆಲ್ಲ ರಜ. ಎಲ್ಲಿ, ಈ ಪದ ಹಾಕಿ ನನಗೇ ಒಂದು ವಾಕ್ಯ ಹೇಳಿ. ನನಗೆ ಕೋಪ ಬರಲ್ಲ.”

ಗಿಣಿ ಎದ್ದಳು. ಆ ಭಾಷೆಯಲ್ಲಿ, ಹವಾಮಾನದ ದನಿ ಬಿಟ್ಟು, ತನ್ನದೇ ದನಿಯಲ್ಲಿ ಹೇಳಿದಳು: “ನಿನ್ನ ಮೀಸೆಯ ಬಲಗಡೆ ಉದ್ದ ಇದೆ.”

ಮೇಷ್ಟ್ರು ಮೀಸೆ ಮುಟ್ಟಿ ನೋಡಿಕೊಂಡರು. “ಕ್ರಿಯಾಪದ ಸರಿ, ಸರ್ವನಾಮ ಸರಿ,” ಎಂದರು ಗಂಭೀರವಾಗಿ. “ಲಿಂಗ ತಪ್ಪು. ಆ ಭಾಷೇಲಿ ಮೀಸೆ ಸ್ತ್ರೀಲಿಂಗ.”

ಮಕ್ಕಳು ಬೆಂಚಿನಿಂದ ಉರುಳಿ ಬಿದ್ದರು. ಗದ್ದಲ ಕೇಳಿ ಹೆಡ್ ಮೇಡಂ ಬಾಗಿಲಿಗೆ ಬಂದರು. “ಏನ್ ಮೇಷ್ಟ್ರೇ ಇದು?”

ಇಡೀ ತರಗತಿ ದಡಕ್ಕನೆ ಎದ್ದು ನಿಂತು, ಆ ಭಾಷೆಯಲ್ಲಿ ಒಕ್ಕೊರಲಿನಿಂದ ಕೂಗಿತು: “ಬಾರೇ, ಒಳಗೆ ಬಾ! ನೀನೂ ಕೂತ್ಕೋ!”

ಮೇಷ್ಟ್ರ ಜೀವ ಬಾಯಿಗೆ ಬಂತು. ಹೆಡ್ ಮೇಡಂಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಆದರೆ ಅಷ್ಟೂ ಮಕ್ಕಳು ಎದ್ದು ನಿಂತ ಠೀವಿ ಕಂಡು ಅವರ ಮುಖ ಅರಳಿತು.

“ಎಷ್ಟು ಮರ್ಯಾದೆ ಕಲಿಸಿದ್ದೀರಿ ಮೇಷ್ಟ್ರೇ,” ಎನ್ನುತ್ತ ಅವರು ಒಳಗೆ ಬಂದು, ಗಿಣಿಯ ಪಕ್ಕದಲ್ಲೇ ಜಾಗ ಮಾಡಿಸಿಕೊಂಡು ಕುಳಿತರು.